ಫೇರ್‌ಟ್ರೇಡ್ ಪ್ರಮಾಣಪತ್ರ ಕೈಗೆ ಬರುವವರೆಗೆ: ಒಂದು ಸಣ್ಣ ಬೆಳೆಗಾರರ ಸಂಘದ ಅನುಭವ

ನಮ್ಮ ಕಾಫಿ ಬೆಳೆಗಾರರ ಸಂಘಕ್ಕೆ ಫೇರ್‌ಟ್ರೇಡ್, ಅಂದರೆ ಬೆಳೆಗಾರರಿಗೆ ನ್ಯಾಯವಾದ ಬೆಲೆ ಸಿಗಲೆಂದು ಇರುವ ವ್ಯಾಪಾರ ವ್ಯವಸ್ಥೆಯ ಪ್ರಮಾಣಪತ್ರ ಸಿಕ್ಕಿ ಹೆಚ್ಚು ಕಾಲವಾಗಿಲ್ಲ. ಅರ್ಜಿಯಿಂದ ಹಿಡಿದು ಕೊನೆಯ ಕಾಗದದವರೆಗೆ ಹೊಣೆ ನನ್ನದೇ ಆಗಿತ್ತು. ಸುದ್ದಿ ಹರಡಿದ ಮೇಲೆ ಬೇರೆ ಸಂಘಗಳವರು ಫೋನ್ ಮಾಡುತ್ತಲೇ ಇದ್ದಾರೆ. ಖರ್ಚೆಷ್ಟು, ಎಷ್ಟು ಕಾಲ ಹಿಡಿಯುತ್ತದೆ, ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತೇವೆ ಎಂದು ಎಲ್ಲರೂ ಕೇಳುತ್ತಾರೆ. ಫೋನಿನಲ್ಲಿ ಒಬ್ಬೊಬ್ಬರಿಗೂ ಅರ್ಧಂಬರ್ಧ ಹೇಳುವುದಕ್ಕಿಂತ ನಡೆದದ್ದನ್ನು ನಡೆದ ಹಾಗೆ ಬರೆದಿಡುವುದು ಮೇಲು ಅನ್ನಿಸಿತು.

ಮೊದಲು ಯಾರ ಕೆಲಸ ಏನು ಎಂಬುದು ತಿಳಿದಿರಲಿ. ಇದು ಗೊತ್ತಿಲ್ಲದೆ ತಪ್ಪು ಬಾಗಿಲು ತಟ್ಟಿ ತಿಂಗಳುಗಟ್ಟಲೆ ಕಳೆದುಕೊಂಡವರನ್ನು ನೋಡಿದ್ದೇನೆ. ಮಾನದಂಡಗಳನ್ನು ಬರೆಯುವುದು ಜರ್ಮನಿಯ ಬಾನ್ ನಗರದಲ್ಲಿರುವ ಫೇರ್‌ಟ್ರೇಡ್ ಇಂಟರ್‌ನ್ಯಾಷನಲ್. ಆ ಮಾನದಂಡದಂತೆ ನಾವು ನಡೆಯುತ್ತಿದ್ದೇವೆಯೇ ಎಂದು ಪರೀಕ್ಷಿಸಿ ಪ್ರಮಾಣಪತ್ರ ಕೊಡುವುದು ಫ್ಲೋಸರ್ಟ್. ಅದೂ ಬಾನ್‌ನಲ್ಲೇ ಇದೆ, ಪ್ರಮಾಣಪತ್ರ ಕೊಡುವವರಿಗೆಂದೇ ಇರುವ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 17065ರ ಮಾನ್ಯತೆ ಪಡೆದ ಸಂಸ್ಥೆ. ಅಂಗಡಿಗೆ ಹೋಗುವ ಪ್ಯಾಕೆಟ್ ಮೇಲೆ ಮುದ್ರೆ ಹಾಕಲು ಪರವಾನಗಿ ಕೊಡುವುದು ಆಯಾ ಮಾರುಕಟ್ಟೆ ದೇಶದ ಫೇರ್‌ಟ್ರೇಡ್ ಸಂಸ್ಥೆಗಳು. ಇವಲ್ಲದೆ ಬೆಳೆಗಾರರದೇ ಜಾಲಗಳೂ ಇವೆ: ಏಷ್ಯಾ ಮತ್ತು ಪೆಸಿಫಿಕ್‌ಗೆ ಎನ್‌ಎಪಿಪಿ, ಆಫ್ರಿಕಾಕ್ಕೆ ಫೇರ್‌ಟ್ರೇಡ್ ಆಫ್ರಿಕಾ, ಲ್ಯಾಟಿನ್ ಅಮೆರಿಕ ಮತ್ತು ಕೆರಿಬಿಯನ್‌ಗೆ ಸಿಎಲ್‌ಎಸಿ. ಮೊದಲ ಮಾತುಕತೆಯನ್ನು ನಿಮ್ಮ ಭಾಗದ ಜಾಲದ ಜೊತೆಗೇ ಆಡಿ. ಮಾನದಂಡದ ಭಾಷೆ ನಮ್ಮಂಥವರಿಗೆ ಒಮ್ಮೆಗೇ ಒಗ್ಗುವುದಿಲ್ಲ. ಅದನ್ನು ಬಿಡಿಸಿ ಹೇಳುವುದು, ತರಬೇತಿ ಕೊಡುವುದು ಅವರ ಕೆಲಸ.

ಸಂಘದೊಳಗೆ ಒಪ್ಪಿಗೆ ಪಡೆಯುವುದಕ್ಕೇ ಬಹಳ ಹೊತ್ತು ಹಿಡಿಯಿತು. ಫೇರ್‌ಟ್ರೇಡ್‌ನಲ್ಲಿ ತೊಳೆದ (ತಿರುಳು ತೆಗೆದು ನೀರಿನಲ್ಲಿ ತೊಳೆದು ಒಣಗಿಸಿದ) ಅರೇಬಿಕಾ ಕಾಫಿಗೆ ಪೌಂಡಿಗೆ 1.80 ಡಾಲರ್ ಕನಿಷ್ಠ ಬೆಲೆ ಇದೆ. 2011ರಿಂದ 1.40 ಇದ್ದದ್ದನ್ನು 2023ರ ಆಗಸ್ಟ್‌ನಲ್ಲಿ ಏರಿಸಿದರು. ಸಾವಯವವಾದರೆ ಅದರ ಮೇಲೆ 40 ಸೆಂಟ್. ಇದೆಲ್ಲ ಬಿಟ್ಟು, ಮಾರುಕಟ್ಟೆ ಹೇಗೇ ಇರಲಿ, ಪೌಂಡಿಗೆ 20 ಸೆಂಟ್ ಪ್ರೀಮಿಯಂ, ಅಂದರೆ ಬೆಲೆಯ ಮೇಲಿನ ಹೆಚ್ಚುವರಿ ಹಣ, ಸಂಘಕ್ಕೆ ಬರುತ್ತದೆ. ಅದರಲ್ಲಿ ಕನಿಷ್ಠ 5 ಸೆಂಟನ್ನು ಇಳುವರಿ ಮತ್ತು ಗುಣಮಟ್ಟ ಹೆಚ್ಚಿಸಲು ಬಳಸಬೇಕು. 2025ರ ಆರಂಭದಲ್ಲಿ ಅರೇಬಿಕಾ ಬೆಲೆ ಪೌಂಡಿಗೆ 4 ಡಾಲರ್ ದಾಟಿತಲ್ಲ, ಆ ನೆನಪು ಇನ್ನೂ ಹಸಿಯಾಗಿದ್ದ ಹೊತ್ತಿನಲ್ಲಿ ಸಭೆಯಲ್ಲಿ ನಾನು 1.80 ಎಂದಾಗ ಹಲವರು ಎದ್ದು ಹೊರಡಲು ಅನುವಾದರು. ‘ನಾಲ್ಕು ಡಾಲರ್ ಕಂಡವರಿಗೆ ಒಂದೂ ಎಂಬತ್ತು ತೋರಿಸ್ತೀರಾ?’ ಎಂದು ಒಬ್ಬರು ಕೇಳಿದರು.

ಕನಿಷ್ಠ ಬೆಲೆ ಎಂದರೆ ಸಿಗುವ ಬೆಲೆಯಲ್ಲ. ಮಾರುಕಟ್ಟೆ ಮೇಲಿದ್ದರೆ ಮಾರುಕಟ್ಟೆಯ ಬೆಲೆಯನ್ನೇ ಕೊಡಬೇಕು, ಅದು ಕುಸಿದಾಗ ಮಾತ್ರ ಈ ಅಂಕಿ ಕೆಲಸಕ್ಕೆ ಬರುತ್ತದೆ. ಇದನ್ನು ನಾನು ಹೇಳಿದ್ದಕ್ಕಿಂತ ಚೆನ್ನಾಗಿ ಹೇಳಿದವರು ನಮ್ಮ ಹಿರಿಯ ಸದಸ್ಯರೊಬ್ಬರು. 2001ರಲ್ಲಿ ಜಾಗತಿಕ ಬೆಲೆ ಪೌಂಡಿಗೆ 50 ಸೆಂಟಿಗಿಂತ ಕೆಳಗೆ ಬಿದ್ದಿತ್ತು. ಕೊಯ್ಲಿನ ಕೂಲಿಯೂ ಹುಟ್ಟದೆ ಹಣ್ಣನ್ನು ಗಿಡದಲ್ಲೇ ಬಿಟ್ಟ ವರ್ಷ ಅದು ಎಂದು ಅವರು ನೆನಪಿಸಿದರು. ಆಮೇಲೆ ಚರ್ಚೆಯ ಧಾಟಿಯೇ ಬದಲಾಯಿತು. ನಿಮ್ಮ ಸಂಘದಲ್ಲೂ ಈ ಮಾತು ಬಂದೇ ಬರುತ್ತದೆ. ಲೆಕ್ಕ ಇಟ್ಟುಕೊಂಡೇ ಸಭೆಗೆ ಹೋಗಿ. 60 ಕಿಲೋದ 320 ಮೂಟೆ, ಅಂದರೆ ಒಂದು ಕಂಟೇನರ್ ಕಾಫಿ, 19,200 ಕಿಲೋ. ಅದು ಹತ್ತಿರ ಹತ್ತಿರ 42,300 ಪೌಂಡ್. ಅದರ ಮೇಲಿನ ಪ್ರೀಮಿಯಂ ಸುಮಾರು 8,460 ಡಾಲರ್. ಇಷ್ಟು ಹೇಳಿದರೆ ಜನಕ್ಕೆ ಅಂದಾಜು ಸಿಗುತ್ತದೆ. ಇನ್ನೊಂದು ಮಾತು: ಕನಿಷ್ಠ ಬೆಲೆ ಹಡಗಿಗೆ ಹತ್ತಿಸುವ ಹಂತದಲ್ಲಿ ಸಂಘಕ್ಕೆ ಸಿಗುವ ಬೆಲೆ, ಬೆಳೆಗಾರನ ಅಂಗಳದ ಬೆಲೆಯಲ್ಲ. ಸಾಗಣೆ, ಸಂಸ್ಕರಣೆ, ಕಚೇರಿ ಖರ್ಚು ಎಲ್ಲ ಅದರೊಳಗೇ ಕಳೆಯಬೇಕು. ಇದನ್ನು ಮೊದಲ ಸಭೆಯಲ್ಲೇ ಬಿಡಿಸಿ ಹೇಳದಿದ್ದರೆ ಮುಂದೆ ಸಂಘದ ಮೇಲೇ ಅನುಮಾನ ಬರುತ್ತದೆ.

ಬೇರೆ ದಾರಿಗಳನ್ನೂ ನೋಡಿದೆವು. ವರ್ಲ್ಡ್ ಫೇರ್ ಟ್ರೇಡ್ ಆರ್ಗನೈಸೇಷನ್‌ನ ವ್ಯವಸ್ಥೆ ಒಂದು ಬೆಳೆಯನ್ನಲ್ಲ, ಇಡೀ ಸಂಸ್ಥೆಯನ್ನು ಹತ್ತು ತತ್ವಗಳ ಮೇಲೆ ಅಳೆಯುತ್ತದೆ. ಕರಕುಶಲ ವಸ್ತು ಮಾಡುವ ಗುಂಪುಗಳಿಗೆ ಅದೇ ಒಳ್ಳೆಯ ಆಯ್ಕೆ ಎಂದು ನನ್ನ ಅಭಿಪ್ರಾಯ. ರೈನ್‌ಫಾರೆಸ್ಟ್ ಅಲಯನ್ಸ್‌ನಲ್ಲಿ ಪರಿಸರದ ಒತ್ತು ಹೆಚ್ಚು, ಆದರೆ ಕನಿಷ್ಠ ಬೆಲೆ ಇಲ್ಲ. ನಮಗೆ ಬೇಕಿದ್ದದ್ದು ಬೆಲೆಯ ತಳಪಾಯ. ಜೊತೆಗೆ, ನಮ್ಮ ಕಾಫಿಯ ರುಚಿ ನೋಡಿದ್ದ ಕೊಳ್ಳುವವರೊಬ್ಬರು ಫೇರ್‌ಟ್ರೇಡ್ ಇದ್ದರೆ ಮಾತ್ರ ಮುಂದುವರಿಯುತ್ತೇವೆ ಎಂದಿದ್ದರು. ಕೊಳ್ಳುವವರು ಸಿಗುವ ಮೊದಲೇ ಅರ್ಜಿ ಹಾಕಬೇಡಿ. ಪ್ರಮಾಣಪತ್ರ ತಾನಾಗಿ ಗಿರಾಕಿಯನ್ನು ತರುವುದಿಲ್ಲ. ಫೇರ್‌ಟ್ರೇಡ್ ಕರಾರಿನಲ್ಲಿ ಮಾರಿದಷ್ಟು ಕಾಫಿಗೆ ಮಾತ್ರ ಪ್ರೀಮಿಯಂ, ಉಳಿದದ್ದು ಮಾಮೂಲಿ ಬೆಲೆಗೇ ಹೋಗುತ್ತದೆ. ಆದರೆ ವಾರ್ಷಿಕ ಶುಲ್ಕ ಮಾತ್ರ ಒಂದು ಮೂಟೆ ಮಾರದಿದ್ದರೂ ಬಂದೇ ಬರುತ್ತದೆ.

ಶುಲ್ಕದ ವಿಷಯ ಬಂತು, ಮುಗಿಸಿಬಿಡುತ್ತೇನೆ. ಅರ್ಜಿ ಶುಲ್ಕ ಒಂದು, ಮೊದಲ ಪ್ರಮಾಣೀಕರಣದ ಶುಲ್ಕ ಇನ್ನೊಂದು, ಆಮೇಲೆ ವರ್ಷ ವರ್ಷದ ಶುಲ್ಕ. ಮೊತ್ತ ಸದಸ್ಯರ ಸಂಖ್ಯೆ, ಎಷ್ಟು ಬಗೆಯ ಬೆಳೆ, ಎಷ್ಟು ಸಂಸ್ಕರಣಾ ಘಟಕ ಎಂಬುದರ ಮೇಲೆ ನಿಂತಿದೆ. ದರಪಟ್ಟಿ ಫ್ಲೋಸರ್ಟ್‌ನ ಜಾಲತಾಣದಲ್ಲೇ ಸಿಗುತ್ತದೆ, ಲೆಕ್ಕ ಯೂರೋದಲ್ಲಿ. ಬ್ಯಾಂಕಿನ ವಿನಿಮಯ ಮತ್ತು ವರ್ಗಾವಣೆ ವೆಚ್ಚವನ್ನು ಬೇರೆಯಾಗಿ ಎತ್ತಿಡಿ. ನಮ್ಮ ಒಂದು ಪಾವತಿಯಲ್ಲಿ ದಾರಿ ನಡುವಿನ ಬ್ಯಾಂಕ್ ಒಂದಿಷ್ಟು ಹಿಡಿದುಕೊಂಡು, ಮೊತ್ತ ಕಡಿಮೆ ಬಿದ್ದು, ಕಡತ ಅಲ್ಲೇ ನಿಂತುಬಿಟ್ಟಿತ್ತು. ವರ್ಗಾವಣೆಯ ಪೂರ್ತಿ ವೆಚ್ಚ ಕಳಿಸುವವರದೇ ಎಂದು ಬ್ಯಾಂಕಿಗೆ ಬರೆದುಕೊಡಿ. ಆದರೂ ಒಟ್ಟು ನೋಡಿದರೆ ಶುಲ್ಕಕ್ಕಿಂತ ದೊಡ್ಡ ಖರ್ಚು ಒಳಗಿನದು: ದಾಖಲೆ ಬರೆಯುವ ಹುಡುಗರ ಸಂಬಳ, ತೋಟ ತೋಟಕ್ಕೆ ಓಡಾಟ, ರಶೀದಿ ಪುಸ್ತಕ, ತಕ್ಕಡಿಗಳ ಪರೀಕ್ಷೆ, ಸುರಕ್ಷತಾ ಉಡುಪು. ಇದಕ್ಕೆ ಮೊದಲೇ ಹಣ ತೆಗೆದಿಡದೆ ಹೊರಟ ಸಂಘಗಳು ಅರ್ಧ ದಾರಿಯಲ್ಲಿ ಸೊರಗುತ್ತವೆ.

ಅರ್ಜಿ ನಮೂನೆ ಸುಲಭ. ಸಂಘದ ನೋಂದಣಿ, ಬೈಲಾ, ಸದಸ್ಯರ ಸಂಖ್ಯೆ, ಜಮೀನಿನ ವಿಸ್ತಾರ, ಅಂದಾಜು ಉತ್ಪಾದನೆ, ಸಂಸ್ಕರಣೆ ಎಲ್ಲಿ ನಡೆಯುತ್ತದೆ, ಕಾಫಿ ಯಾರ ಕೈಯಿಂದ ಯಾರ ಕೈಗೆ ಹೋಗುತ್ತದೆ, ಇಷ್ಟೇ. ಸಣ್ಣ ಉತ್ಪಾದಕರ ಸಂಘ, ಕೂಲಿ ಕಾರ್ಮಿಕರಿರುವ ದೊಡ್ಡ ತೋಟ, ಕರಾರು ಕೃಷಿ, ಈ ಮೂರಕ್ಕೂ ಬೇರೆ ಬೇರೆ ಮಾನದಂಡ ಇದೆ. ಕಾಫಿಯಲ್ಲಿ ದೊಡ್ಡ ತೋಟಗಳಿಗೆ ಪ್ರವೇಶವೇ ಇಲ್ಲ, ಸಣ್ಣವರ ಸಂಘಕ್ಕೆ ಮಾತ್ರ. ಹಾಗಾಗಿ ನಮಗೆ ಆ ಗೊಂದಲ ಇರಲಿಲ್ಲ.

ನಿಜವಾದ ಕೆಲಸ ಶುರುವಾಗಿದ್ದು ಸದಸ್ಯರ ಪಟ್ಟಿಯಿಂದ. ಪಟ್ಟಿ ಇದೆ ಎಂದೇ ನಾವೆಲ್ಲ ನಂಬಿದ್ದೆವು. ಬಿಡಿಸಿ ನೋಡಿದರೆ ಜಮೀನಿನ ಪತ್ರದಲ್ಲಿ ಒಂದು ಹೆಸರು, ಗುರುತಿನ ಚೀಟಿಯಲ್ಲಿ ಇನ್ನೊಂದು. ತೀರಿಕೊಂಡ ತಂದೆಯ ಹೆಸರಲ್ಲಿ ಸದಸ್ಯತ್ವ, ಕಾಫಿ ತರುವುದು ಮಗ. ಅಣ್ಣತಮ್ಮಂದಿರು ಬೇರೆಯಾಗಿ ವರ್ಷಗಳೇ ಆದರೂ ತೋಟ ಕಾಗದದಲ್ಲಿ ಒಂದೇ. ಎಲ್ಲಕ್ಕಿಂತ ನನ್ನನ್ನು ಕಲಕಿದ್ದು ಹೆಣ್ಣುಮಕ್ಕಳ ಸಂಗತಿ. ಕೊಯ್ಲು, ಹಣ್ಣು ಆರಿಸುವುದು, ಒಣಗಿಸುವುದು, ರಾತ್ರಿ ಮಳೆ ಬಂದರೆ ಎದ್ದು ಓಡಿ ಕಣದ ಮೇಲೆ ಟಾರ್ಪಾಲು ಎಳೆಯುವುದು, ಎಲ್ಲ ಅವರದೇ. ಜಮೀನು ಗಂಡನ ಹೆಸರಿನಲ್ಲಿರುವುದರಿಂದ ಸಭೆಯಲ್ಲಿ ಮತ ಮಾತ್ರ ಇಲ್ಲ. ಮನೆಯವರ ಒಪ್ಪಿಗೆ ಪತ್ರ ಇದ್ದರೆ ಸಾಗುವಳಿ ಮಾಡುವವರೇ ಸದಸ್ಯರಾಗಬಹುದು ಎಂದು ಬೈಲಾ ತಿದ್ದಿದೆವು. ಅದಕ್ಕೆ ವಿರೋಧ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಂತು, ಜೋರಾಗಿಯೇ ಬಂತು. ಕೊನೆಗೂ ತಿದ್ದುಪಡಿ ಪಾಸಾಯಿತು. ಈ ಇಡೀ ಓಡಾಟದಲ್ಲಿ ನನಗೆ ಅತಿ ಹೆಚ್ಚು ಸಮಾಧಾನ ಕೊಟ್ಟ ಕೆಲಸ ಇದು.

ಪಟ್ಟಿಯ ಜೊತೆಗೆ ತೋಟಗಳ ನಕ್ಷೆ. ಯುರೋಪಿಗೆ ಕಾಫಿ ಕಳಿಸುವವರಿಗೆ ಇದು ಬೇಕೇ ಬೇಕು. ಅರಣ್ಯನಾಶದ ವಿರುದ್ಧ ಐರೋಪ್ಯ ಒಕ್ಕೂಟ 2023ರಲ್ಲಿ ತಂದ ಕಾನೂನಿನಂತೆ, 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ ಅಲ್ಲಿಗೆ ಹೋಗುವಂತಿಲ್ಲ. ಅದರ ಜಾರಿಯನ್ನು ಮುಂದೂಡುತ್ತಾ ಬಂದಿದ್ದಾರೆ ನಿಜ, ಕೊಳ್ಳುವವರು ಮಾತ್ರ ಈಗಲೇ ಮಾಹಿತಿ ಕೇಳುತ್ತಾರೆ. ನಾಲ್ಕು ಹೆಕ್ಟೇರಿಗಿಂತ ದೊಡ್ಡ ತೋಟಕ್ಕೆ ಸುತ್ತಳತೆಯ ಗೆರೆ ಬೇಕು, ಚಿಕ್ಕದಕ್ಕೆ ಒಂದು ಬಿಂದು ಸಾಕು. ಆದರೆ ಅಕ್ಷಾಂಶ, ರೇಖಾಂಶ ಎರಡಕ್ಕೂ ದಶಮಾಂಶದ ನಂತರ ಆರು ಅಂಕಿ ಇರಬೇಕು. ದಟ್ಟ ನೆರಳಿನ ಮರಗಳ ಕೆಳಗೆ ಫೋನ್ ಹಿಡಿದು ನಿಂತರೆ ಬಿಂದು ಅಲ್ಲಾಡುತ್ತಲೇ ಇರುತ್ತದೆ. ಒಮ್ಮೆ ಪಕ್ಕದವರ ತೋಟ, ಒಮ್ಮೆ ಹಳ್ಳದ ಆಚೆ ದಡ. ತೆರವಿರುವ ಜಾಗ ಹುಡುಕಿ, ನಿಖರತೆಯ ಅಂಕಿ ಕೆಳಗಿಳಿಯುವವರೆಗೆ ಅಲುಗಾಡದೆ ನಿಂತು, ಆಮೇಲೆ ಉಳಿಸಬೇಕು. ಆತುರದಲ್ಲಿ ಮುಗಿಸಿದರೆ ಕಂಪ್ಯೂಟರಿನಲ್ಲಿ ತೆರೆದಾಗ ಇಬ್ಬರ ತೋಟ ಒಂದರ ಮೇಲೊಂದು ಬಿದ್ದಿರುತ್ತವೆ.

ಇನ್ನು ರಶೀದಿ. ಈ ಬರಹದಲ್ಲಿ ಒಂದೇ ಒಂದು ವಿಷಯ ನಿಮ್ಮ ನೆನಪಿನಲ್ಲಿ ಉಳಿಯುವುದಾದರೆ ಅದು ಇದೇ ಆಗಲಿ. ಲೇಬಲ್ಲಿನ ಭಾರವೆಲ್ಲ ನಿಂತಿರುವುದು ತೂಕದ ಚೀಟಿಯ ಮೇಲೆ. ಬೆಳೆಗಾರ ಹಣ್ಣು ತಂದ ದಿನ, ಸದಸ್ಯ ಸಂಖ್ಯೆ, ತೂಕ, ದರ, ಕೊಟ್ಟ ಹಣ, ಎರಡೂ ಕಡೆಯ ಸಹಿ: ಮೂರು ಪ್ರತಿ. ಒಂದು ಬೆಳೆಗಾರನಿಗೆ, ಒಂದು ಖರೀದಿ ಕೇಂದ್ರಕ್ಕೆ, ಒಂದು ಕಚೇರಿಗೆ. ಆ ದಿನದ ಹಣ್ಣೆಲ್ಲ ಒಂದು ಲಾಟ್. ಪಲ್ಪಿಂಗ್ (ಹಣ್ಣಿನ ತಿರುಳು ತೆಗೆಯುವುದು) ಆದ ಮೇಲೆ, ಒಣಗಿ ಪಾರ್ಚ್‌ಮೆಂಟ್ (ಒಳಸಿಪ್ಪೆ ಇರುವ ಬೀಜ) ಆದ ಮೇಲೆ, ಸಿಪ್ಪೆ ತೆಗೆದು ಹಸಿರು ಬೀಜ ಆದ ಮೇಲೆ, ಪ್ರತಿ ಹಂತದಲ್ಲೂ ಅದೇ ಲಾಟ್ ಸಂಖ್ಯೆ ಹಿಂಬಾಲಿಸಬೇಕು. ಒಂದು ಕಿಲೋ ಹಸಿರು ಬೀಜಕ್ಕೆ ಐದಾರು ಕಿಲೋ ಹಣ್ಣು ಬೇಕು. ಈ ಅನುಪಾತ ತಪಾಸಣೆಗೆ ಬರುವ ಫ್ಲೋಸರ್ಟ್‌ನ ಆಡಿಟರ್‌ಗಳಿಗೆ ಬಾಯಿಪಾಠ. ನಿಮ್ಮ ಪುಸ್ತಕದಲ್ಲಿ ಹಣ್ಣು ಕಡಿಮೆ, ಬೀಜ ಜಾಸ್ತಿ ಕಂಡರೆ ಹೊರಗಿನ ಕಾಫಿ ಬೆರೆತಿದೆ ಎಂದೇ ಅವರು ಲೆಕ್ಕ ಹಾಕುತ್ತಾರೆ. ಚಹಾ, ಕೋಕೋ, ಸಕ್ಕರೆ, ಹಣ್ಣಿನ ರಸ ಇವುಗಳಲ್ಲಿ ಕಾರ್ಖಾನೆ ಹಂತದಲ್ಲಿ ಬೆರೆಸಿ, ಕೊಂಡಷ್ಟೇ ಪ್ರಮಾಣವನ್ನು ಫೇರ್‌ಟ್ರೇಡ್ ಎಂದು ಮಾರುವ ಅವಕಾಶ ಇದೆ. ಕಾಫಿಗೆ ಆ ರಿಯಾಯಿತಿ ಇಲ್ಲ. ಮುದ್ರೆ ಇರುವ ಪ್ಯಾಕೆಟ್‌ನೊಳಗಿನ ಬೀಜ ಪ್ರಮಾಣಿತ ಬೆಳೆಗಾರನದೇ ಆಗಿರಬೇಕು.

ಕೀಟನಾಶಕಗಳ ಪಟ್ಟಿ ಮೂರು ಬಣ್ಣದಲ್ಲಿ ಬರುತ್ತದೆ. ಕೆಂಪು ಪಟ್ಟಿಯದು ಪೂರ್ತಿ ನಿಷಿದ್ಧ, ಕಿತ್ತಳೆಯದು ಷರತ್ತಿನ ಮೇಲೆ, ಹಳದಿಯದು ಎಚ್ಚರದಿಂದ. ಮನೆಮನೆಗೆ ಹೋಗಿ ಕೊಟ್ಟಿಗೆಯ ಅಟ್ಟ ನೋಡಿದೆವು. ಹೆಸರು ಅಳಿಸಿಹೋದ ಡಬ್ಬಗಳು, ಮಾತ್ರೆ ಇಡುವ ಕಪಾಟಿನಲ್ಲೇ ಇಟ್ಟ ಪುಡಿಗಳು, ಒಂದು ಮನೆಯಲ್ಲಿ ಎಂಡೋಸಲ್ಫಾನ್‌ನ ಹಳೇ ತಗಡಿನ ಡಬ್ಬ. ಅದು 2011ರಲ್ಲೇ ಸ್ಟಾಕ್‌ಹೋಮ್ ಒಪ್ಪಂದದಡಿ ಜಾಗತಿಕ ನಿಷೇಧದ ಪಟ್ಟಿ ಸೇರಿದ ವಿಷ. ಆ ಮನೆಯ ಅಜ್ಜಿಗೆ ಅದು ಅಲ್ಲಿದೆ ಎಂಬುದೇ ಮರೆತುಹೋಗಿತ್ತು. ಪ್ರಮಾಣಪತ್ರ ಸಿಗದೇ ಹೋಗಿದ್ದರೂ ಆ ಡಬ್ಬ ಆ ಮನೆಯಿಂದ ಹೊರಬಿದ್ದದ್ದಕ್ಕೆ ನಾನು ಸಂತೋಷಪಡುತ್ತಿದ್ದೆ. ಖಾಲಿ ಡಬ್ಬಗಳಲ್ಲಿ ನೀರು ತುಂಬಿಸುವುದನ್ನು ನಿಲ್ಲಿಸಲು ಮಾತ್ರ ಹಲವು ಸಲ ಹೇಳಬೇಕಾಯಿತು.

ಮಕ್ಕಳ ವಿಷಯ ಸೂಕ್ಷ್ಮ, ಅದನ್ನು ಅವಸರದಲ್ಲಿ ಮುಗಿಸಬೇಡಿ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 138 ಮತ್ತು 182ನೇ ಒಪ್ಪಂದಗಳು ಮಾನದಂಡದ ಬೆನ್ನೆಲುಬು. 15 ವರ್ಷದೊಳಗಿನವರನ್ನು ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ. ಸ್ವಂತ ಮಕ್ಕಳು ಶಾಲೆ ಬಿಟ್ಟ ಮೇಲೆ, ರಜೆಯಲ್ಲಿ, ವಯಸ್ಸಿಗೆ ತಕ್ಕ ಹಗುರ ಕೆಲಸದಲ್ಲಿ, ಹಿರಿಯರ ಕಣ್ಣೆದುರು ಕೈ ಹಾಕಬಹುದು. ನಮ್ಮ ತೊಡಕು ಸ್ವಂತ ಮಕ್ಕಳದಲ್ಲ, ಕೊಯ್ಲಿಗೆ ಬರುವ ಕೂಲಿಯವರ ಮಕ್ಕಳದು. ಅಮ್ಮ ಬುಟ್ಟಿ ಕಟ್ಟಿಕೊಂಡು ನಿಂತರೆ ಏಳೆಂಟು ವರ್ಷದ ಹುಡುಗಿ ಕೆಳಗಿನ ಕೊಂಬೆಯ ಹಣ್ಣು ಕೀಳಲು ಶುರುಮಾಡುತ್ತಾಳೆ. ಬೇಡ ಎಂದು ಗದರಿದರೆ ಅವಳು ಹೋಗುವುದೆಲ್ಲಿಗೆ? ಗೇಟಿನಲ್ಲಿ ಫಲಕ ತೂಗುಹಾಕಿ ಮುಗಿಸುವ ಸಲಹೆಯೂ ಬಂತು. ನಾವು ಅದನ್ನು ಒಪ್ಪಲಿಲ್ಲ. ಕಣದ ಹತ್ತಿರದ ಒಂದು ಶೆಡ್ ತೆರವು ಮಾಡಿ, ಕೊಯ್ಲಿನ ತಿಂಗಳುಗಳಲ್ಲಿ ಮಕ್ಕಳನ್ನು ನೋಡಿಕೊಳ್ಳಲು ಇಬ್ಬರು ಹೆಂಗಸರನ್ನು ನೇಮಿಸಿದೆವು. ಖರ್ಚಿನ ಬಾಬತ್ತಿನಲ್ಲಿ ಅದನ್ನು ಮರೆಯದೆ ಬರೆದುಕೊಳ್ಳಿ.

ಸರ್ವಸದಸ್ಯರ ಸಭೆ ಮಾನದಂಡದ ಪ್ರಕಾರ ಸಂಘದ ಅತ್ಯುನ್ನತ ಅಧಿಕಾರ. ವರ್ಷಕ್ಕೊಮ್ಮೆಯಾದರೂ ನಡೆಯಬೇಕು, ಲೆಕ್ಕಪತ್ರ ಮಂಡನೆಯಾಗಬೇಕು, ಪ್ರೀಮಿಯಂ ಹಣ ಯಾವುದಕ್ಕೆ ಎಂಬ ಯೋಜನೆ ಅಲ್ಲೇ ಮತಕ್ಕೆ ಬರಬೇಕು. ಆಡಳಿತ ಮಂಡಳಿ ತಾನೇ ತೀರ್ಮಾನಿಸಿ ಆಮೇಲೆ ಸಹಿ ಹಾಕಿಸುವಂತಿಲ್ಲ. ನಡಾವಳಿ ಪುಸ್ತಕದಲ್ಲಿ ಹಾಜರಿ, ಚರ್ಚೆ, ಪರ ಎಷ್ಟು, ವಿರೋಧ ಎಷ್ಟು ಎಲ್ಲ ಬರೆದಿಡಿ. ‘ಸರ್ವಾನುಮತದಿಂದ ಅಂಗೀಕರಿಸಲಾಯಿತು’ ಎಂಬ ಒಂದೇ ಸಾಲು ಪುಟ ಪುಟಕ್ಕೂ ಕಂಡರೆ ಯಾವ ಆಡಿಟರ್‌ಗೂ ಪ್ರಶ್ನೆ ಏಳುತ್ತದೆ. ಪ್ರೀಮಿಯಂ ಹಣದ ಹಾದಿ ಬೇರೆಯಾಗಿ ಕಾಣಲಿ ಎಂದು ನಾವು ಪ್ರತ್ಯೇಕ ಖಾತೆ ತೆರೆದೆವು. ಸಂಘಕ್ಕೆ ಎರಡನೇ ಖಾತೆ ಏಕೆ ಎಂದು ಬ್ಯಾಂಕಿನವರು ತಿರುಗಾಡಿಸಿದ್ದರಿಂದ ಅದಕ್ಕೂ ಬೇಕಾದಷ್ಟು ಹೊತ್ತು ಹೋಯಿತು.

ನಂತರ ಕಾಯುವಿಕೆ. ಆಡಿಟ್‌ನ ದಿನ ಗೊತ್ತಾಗುವವರೆಗಿನ ಆ ಕಾಲ ಮನಸ್ಸನ್ನು ಹಿಂಡುತ್ತದೆ. ಉತ್ಸಾಹದಿಂದ ರಶೀದಿ ಬರೆಯುತ್ತಿದ್ದ ಹುಡುಗರು ‘ಅವರು ಬರುವುದೇ ಇಲ್ಲವೇನೋ’ ಎಂದು ಸಡಿಲಾಗುತ್ತಾರೆ. ಆ ಹೊತ್ತಿನಲ್ಲಿ ನಾವೇ ನಮ್ಮೊಳಗೆ ತಪಾಸಣೆ ಮಾಡಿಕೊಂಡೆವು, ಒಂದು ಕೇಂದ್ರದವರು ಇನ್ನೊಂದು ಕೇಂದ್ರದ ಪುಸ್ತಕ ನೋಡುವ ಹಾಗೆ. ಸಂಬಂಧಿಕರು ಸಂಬಂಧಿಕರ ಪುಸ್ತಕ ನೋಡದಂತೆ ಹಂಚಿ. ಇಲ್ಲದಿದ್ದರೆ ಏನೂ ಹೊರಬೀಳುವುದಿಲ್ಲ.

ಆಡಿಟರ್ ಬಂದರು. ಮೊದಲು ಎಲ್ಲರ ಜೊತೆ ಆರಂಭದ ಸಭೆ, ಆಮೇಲೆ ಕಡತ, ಆಮೇಲೆ ತೋಟ. ಯಾವ ತೋಟ ಎಂದು ಆರಿಸುವುದು ಅವರೇ. ಚೆನ್ನಾಗಿರುವ ತೋಟಗಳಿಗೆ ಕರೆದೊಯ್ಯಬಹುದು ಎಂಬ ಆಸೆ ಇದ್ದರೆ ಬಿಟ್ಟುಬಿಡಿ. ಸದಸ್ಯರನ್ನು, ಕೂಲಿಯವರನ್ನು ಮಾತಾಡಿಸುವಾಗ ನಮ್ಮನ್ನು ದೂರ ಕಳಿಸಿದರು.

ನನ್ನ ಕಣ್ಣಿಗೆ ಕಟ್ಟಿದಂತಿರುವುದು ಗೋದಾಮಿನ ಪರೀಕ್ಷೆ. ಅವರು ಅಟ್ಟಿಯ ಮಧ್ಯದಿಂದ ಒಂದು ಮೂಟೆ ತೋರಿಸಿ ಲಾಟ್ ಸಂಖ್ಯೆ ಬರೆದುಕೊಂಡರು. ಆ ಲಾಟ್‌ನ ಪುಸ್ತಕ ಕೇಳಿದರು, ಅದರಿಂದ ಆ ದಿನದ ರಶೀದಿಗಳ ಕಟ್ಟು, ಅದರಿಂದ ಒಂದು ರಶೀದಿ. ‘ಈ ಸದಸ್ಯರ ಮನೆಗೆ ಹೋಗೋಣ’ ಎಂದರು. ಆ ಮನೆಯಾಕೆ ನಮ್ಮ ಹೊಸ ಸದಸ್ಯೆಯರಲ್ಲಿ ಒಬ್ಬರು. ತಗಡಿನ ಪೆಟ್ಟಿಗೆ ತೆರೆದು, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ಚೀಟಿಗಳನ್ನು ಒಂದೊಂದಾಗಿ ಬಿಡಿಸಿದರು. ಕಾರ್ಬನ್ ಮಸುಕಾಗಿ ತೂಕದ ಅಂಕಿ ಅರ್ಧ ಅಳಿಸಿತ್ತು. ಆಡಿಟರ್ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಕಚೇರಿಯ ಪ್ರತಿಯ ಪಕ್ಕ ಇಟ್ಟು, ತಲೆಯಾಡಿಸಿ ಟಿಪ್ಪಣಿ ಬರೆದುಕೊಂಡರು. ಅಂಕಿ ಕೂಡಿತ್ತು. ಪ್ರೀಮಿಯಂ ಹಣ ಯಾರದು ಎಂದು ಆಕೆಯನ್ನು ಕೇಳಿದರಂತೆ. ‘ಎಲ್ಲರದೂ. ನಾವು ಕೈಯೆತ್ತಿದರೆ ಖರ್ಚು, ಇಲ್ಲಾಂದ್ರೆ ಇಲ್ಲ’ ಎಂದರಂತೆ ಆಕೆ. ಆಮೇಲೆ ಆಕೆಯೇ ಬಂದು ನನಗೆ ಹೇಳಿದಾಗ ಕಣ್ಣು ತುಂಬಿ ಬಂತು.

ಮತ್ತೊಂದು ತೋಟದಲ್ಲಿ ಇಷ್ಟು ಸಲೀಸಾಗಲಿಲ್ಲ. ಗಿಡಗಳ ಸಂಖ್ಯೆಗೆ ಹೋಲಿಸಿದರೆ ಆ ಸದಸ್ಯರು ತಂದ ಹಣ್ಣು ಮಿತಿಮೀರಿತ್ತು. ವಿಚಾರಿಸಿದರೆ, ಸದಸ್ಯನಲ್ಲದ ತಮ್ಮನ ಬೆಳೆಯೂ ಅಣ್ಣನ ಹೆಸರಿನಲ್ಲೇ ಬಂದಿತ್ತು. ಅದರ ಹಿಂದೆ ದುರುದ್ದೇಶ ಇರಲಿಲ್ಲ, ಒಂದೇ ಗಾಡಿಯಲ್ಲಿ ತಂದಿದ್ದರು ಅಷ್ಟೇ. ಮಾನದಂಡದ ಕಣ್ಣಿನಲ್ಲಿ ಮಾತ್ರ ಅದು ಹೊರಗಿನ ಕಾಫಿ.

ಮುಕ್ತಾಯದ ಸಭೆಯಲ್ಲಿ ಕೊರತೆಗಳ ಪಟ್ಟಿ ಓದಿದರು. ಒಂದೊಂದು ಅಂಶಕ್ಕೂ 1ರಿಂದ 5ರವರೆಗೆ ಅಂಕ ಇರುತ್ತದೆ, 3 ಬಂದರೆ ಪಾಲನೆಯಾಗಿದೆ ಎಂದರ್ಥ. ಬೆಳೆ ಬೆರೆತದ್ದು, ಕೆಲವು ಮನೆಗಳಲ್ಲಿ ಸಿಂಪಡಣೆಯ ಉಡುಪು ಇಲ್ಲದಿರುವುದು, ಹಂಗಾಮಿ ಕೂಲಿಯವರ ಹಾಜರಿ ಪುಸ್ತಕದಲ್ಲಿ ಸಹಿ ಬಿಟ್ಟುಹೋಗಿರುವುದು ಪಟ್ಟಿಯಲ್ಲಿದ್ದವು. ಸಭೆಯಲ್ಲಿ ಕೂತವರ ಮುಖ ಇಳಿದುಹೋಯಿತು. ಆಮೇಲೆ ತಿಳಿದದ್ದು, ಮೊದಲ ಆಡಿಟ್‌ನಲ್ಲಿ ಕೊರತೆ ಬರುವುದು ಮಾಮೂಲು ಎಂದು. ಅದನ್ನು ಹೇಗೆ, ಎಷ್ಟರೊಳಗೆ ಸರಿಪಡಿಸುತ್ತೀರಿ ಎಂದು ಅಲ್ಲೇ ನೀವೇ ಪ್ರಸ್ತಾಪಿಸಬಹುದು. ಉಳಿಸಿಕೊಳ್ಳಬಲ್ಲಷ್ಟೇ ಮಾತು ಕೊಡಿ, ಏಕೆಂದರೆ ಆ ಗಡುವೇ ಮುಂದೆ ನಿಮ್ಮನ್ನು ಕಟ್ಟಿಹಾಕುತ್ತದೆ. ಆಡಿಟರ್ ಜೊತೆ ವಾದಕ್ಕಿಳಿದು ಪ್ರಯೋಜನ ಇಲ್ಲ, ತೀರ್ಮಾನ ಅವರದಲ್ಲ. ಅವರು ವರದಿ ಕೊಡುತ್ತಾರೆ, ಬೇರೊಬ್ಬರು ಅದನ್ನು ಓದಿ ನಿರ್ಧರಿಸುತ್ತಾರೆ.

ನಾವು ಪ್ರತಿ ಸದಸ್ಯರ ತೋಟಕ್ಕೂ ಇಳುವರಿಯ ಅಂದಾಜು ಬರೆದು, ಅದನ್ನು ಮೀರಿ ಹಣ್ಣು ಬಂದರೆ ಖರೀದಿ ಕೇಂದ್ರದಲ್ಲೇ ಪ್ರಶ್ನೆ ಏಳುವ ವ್ಯವಸ್ಥೆ ಮಾಡಿದೆವು. ತಮ್ಮ ಕೂಡ ಸದಸ್ಯರಾದರು. ಫೋಟೋ, ತರಬೇತಿಯ ಹಾಜರಿ, ಹೊಸ ನಮೂನೆ ಎಲ್ಲವನ್ನೂ ಫ್ಲೋಸರ್ಟ್‌ನ ಆನ್‌ಲೈನ್ ಪೋರ್ಟಲ್‌ಗೆ ಏರಿಸಿದೆವು. ಫೋಟೋದಲ್ಲಿ ದಿನಾಂಕ ಕಾಣಲಿ, ಕಡತದ ಹೆಸರಿನಲ್ಲೇ ಅದು ಯಾವ ಕೊರತೆಗೆ ಉತ್ತರ ಎಂದು ಬರೆಯಿರಿ. ಮುಖ್ಯ ಅಂಶಗಳಲ್ಲಿ ತೊಡಕು ಇಲ್ಲದಿದ್ದರೆ, ಪೂರ್ತಿ ಪ್ರಮಾಣಪತ್ರಕ್ಕೆ ಮೊದಲೇ ವ್ಯಾಪಾರದ ಅನುಮತಿ ಸಿಗುತ್ತದೆ. ಆಗಲೇ ಕರಾರು ಮಾಡಿಕೊಳ್ಳಬಹುದು. ನಮಗೆ ಮೊದಲು ಬಂದದ್ದು ಅದು, ಪ್ರಮಾಣಪತ್ರ ಆಮೇಲೆ.

ಇನ್ನು ಲೇಬಲ್. ಪ್ರಮಾಣಪತ್ರ ಬಂದ ಮರುದಿನವೇ ಸದಸ್ಯರೊಬ್ಬರು ನಮ್ಮ ಹುರಿದ ಕಾಫಿಯ ಪ್ಯಾಕೆಟ್ ಮೇಲೆ ಮುದ್ರೆ ಹಾಕಿಸಲು ಪ್ರೆಸ್ಸಿಗೆ ಹೊರಟಿದ್ದರು. ಹಾಗೆ ಹಾಕುವಂತಿಲ್ಲ. ಹಸಿರು ಬೀಜವನ್ನು ಮೂಟೆಯಲ್ಲಿ ಮಾರುವಾಗ ಪ್ರಮಾಣೀಕರಣದಲ್ಲಿ ನಮಗೆ ಕೊಟ್ಟಿರುವ ಎಫ್‌ಎಲ್‌ಒ ಗುರುತಿನ ಸಂಖ್ಯೆ ಕರಾರು, ಬಿಲ್ಲುಗಳಲ್ಲಿ ಇದ್ದರಾಯಿತು. ಗ್ರಾಹಕನ ಕೈಗೆ ಹೋಗುವ ಪ್ಯಾಕೆಟ್ ಮೇಲೆ ನೀಲಿ, ಹಸಿರು, ಕಪ್ಪು ಬಣ್ಣದ ಆ ಮುದ್ರೆ ಬೇಕೆಂದರೆ ಪರವಾನಗಿ ಕರಾರು ಬೇರೆ, ವಿನ್ಯಾಸಕ್ಕೆ ಮುದ್ರಣದ ಮೊದಲೇ ಒಪ್ಪಿಗೆ ಬೇರೆ. ಮುದ್ರೆಯ ಪಕ್ಕ ಸಣ್ಣ ಬಾಣ ಇದ್ದರೆ ಪ್ಯಾಕೆಟ್‌ನ ಹಿಂಬದಿ ಓದಿ ಎಂದರ್ಥ. ಅದರಲ್ಲಿ ಹಲವು ಪದಾರ್ಥ ಇರಬಹುದು, ಅಥವಾ ಬೆರೆಸಿದ ಪ್ರಮಾಣದ ಲೆಕ್ಕ ಇರಬಹುದು. ಹಲವು ಪದಾರ್ಥಗಳ ಉತ್ಪನ್ನದಲ್ಲಿ ಫೇರ್‌ಟ್ರೇಡ್ ಆಗಬಲ್ಲವೆಲ್ಲ ಫೇರ್‌ಟ್ರೇಡ್ ಆಗಿರಬೇಕು, ಒಟ್ಟು ಶೇ. 20 ಆದರೂ ಇರಬೇಕು. ಬಿಳಿ ಹಿನ್ನೆಲೆಯಲ್ಲಿ, ಪಕ್ಕಕ್ಕೆ ‘ಕೋಕೋ’ ಎಂದೋ ‘ಸಕ್ಕರೆ’ ಎಂದೋ ಬರೆದ ಮುದ್ರೆ ಬೇರೆಯೇ. ಅಲ್ಲಿ ಆ ಒಂದು ಪದಾರ್ಥಕ್ಕೆ ಮಾತ್ರ ಭರವಸೆ. ಅಂಗಡಿಯಲ್ಲಿ ಕೊಳ್ಳುವವರೂ ಇದನ್ನು ತಿಳಿದಿರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ತಾವೇ ‘ನ್ಯಾಯಯುತ’, ‘ನೈತಿಕ’ ಎಂದು ಚಿತ್ರ ಬರೆದು ಅಂಟಿಸುವ ಕಾಲ ಮುಗಿಯುತ್ತಿದೆ. ಐರೋಪ್ಯ ಒಕ್ಕೂಟದ 2024ರ ಗ್ರಾಹಕ ನಿರ್ದೇಶನವೊಂದು 2026ರ ಸೆಪ್ಟೆಂಬರ್ 27ರಿಂದ ಅನ್ವಯವಾಗುತ್ತದೆ. ಪ್ರಮಾಣೀಕರಣ ವ್ಯವಸ್ಥೆಯ ಅಥವಾ ಸರ್ಕಾರದ ಬೆಂಬಲ ಇಲ್ಲದ ಸುಸ್ಥಿರತೆಯ ಲೇಬಲ್‌ಗಳಿಗೆ ಅದರಲ್ಲಿ ನಿಷೇಧ ಇದೆ. ಚೀಟಿ ಕಾಪಾಡಿಕೊಂಡ ಆ ಹೆಂಗಸಿನ ಶ್ರಮಕ್ಕೂ, ಕಂಪ್ಯೂಟರಿನಲ್ಲಿ ಎಲೆಯ ಚಿತ್ರ ಬಿಡಿಸಿದವರ ಮಾತಿಗೂ ಒಂದೇ ಬೆಲೆ ಸಿಗುವುದು ಅನ್ಯಾಯ. ಇದು ನಿಲ್ಲಬೇಕಾದದ್ದೇ.

ಮೊದಲ ಕರಾರಿನ ಬಗ್ಗೆ ಎರಡು ಮಾತು. ಕೊಳ್ಳುವವರೂ ಪ್ರಮಾಣಿತರಾಗಿರಬೇಕು, ಅವರ ಎಫ್‌ಎಲ್‌ಒ ಸಂಖ್ಯೆ ಕೇಳಿ ಪರಿಶೀಲಿಸಿ. ಸಂಘ ಕೇಳಿದರೆ ಕರಾರಿನ ಮೌಲ್ಯದ ಶೇ. 60ರವರೆಗೆ ಮುಂಗಡ ಪಡೆಯಲು ನೆರವಾಗುವುದು ಅವರ ಹೊಣೆ. ಕೇಳಲು ಸಂಕೋಚಪಡಬೇಡಿ. ಕೊಯ್ಲಿನ ಹೊತ್ತಿಗೆ ನಗದು ಕೈಯಲ್ಲಿಲ್ಲದಿದ್ದರೆ ಸದಸ್ಯರು ಹಣ್ಣನ್ನು ಗೇಟಿಗೆ ಬರುವ ಮಧ್ಯವರ್ತಿಗೆ ಕೊಟ್ಟುಬಿಡುತ್ತಾರೆ, ಆಗ ಕರಾರಿನಷ್ಟು ಕಾಫಿ ಹೊಂದಿಸುವುದು ಕಷ್ಟ.

ಪ್ರೀಮಿಯಂನ ಮೊದಲ ಕಂತು ಬಂದ ಮೇಲೆ ಸಭೆ ಸೇರಿತ್ತು. ಒಣಗಿಸಲು ಎತ್ತರದ ಜಾಲರಿ ಮಂಚಗಳು, ತೇವಾಂಶ ಅಳೆಯುವ ಯಂತ್ರ, ಮಕ್ಕಳ ಶೆಡ್‌ಗೆ ಕಾಯಂ ಚಾವಣಿ, ಸದಸ್ಯರಿಗೆ ನೇರ ಹಂಚಿಕೆ ಎಂದು ನಾಲ್ಕು ಪ್ರಸ್ತಾಪ ಬಂದವು. ನೇರ ಹಂಚಿಕೆ ಬೇಕೆಂದವರು ಬಹಳ ಇದ್ದರು, ಅವರ ವಾದದಲ್ಲೂ ಹುರುಳಿತ್ತು. ಕೊನೆಗೆ ಜಾಲರಿ ಮಂಚ ಮತ್ತು ಚಾವಣಿ ಗೆದ್ದವು, ಯಂತ್ರ ಮುಂದಿನ ಕಂತಿಗೆ ಹೋಯಿತು.

ಪ್ರಮಾಣೀಕರಣದ ಚಕ್ರ ಮೂರು ವರ್ಷದ್ದು. ನಡುವೆ ಮತ್ತೆ ತಪಾಸಣೆ ಇರುತ್ತದೆ. ಮಾನದಂಡದ ಕೆಲವು ಅಂಶಗಳು ಶುರುವಿನಲ್ಲೇ ಬೇಕು. ಉಳಿದವು ಒಂದನೇ, ಮೂರನೇ, ಆರನೇ ವರ್ಷಕ್ಕೆ ಜಾರಿಗೆ ಬರುತ್ತವೆ. ಆ ವರ್ಷಗಳ ಪಟ್ಟಿಯನ್ನು ಈಗಲೇ ತೆಗೆದು ಕಚೇರಿಯ ಗೋಡೆಗೆ ಅಂಟಿಸಿ. ನಮ್ಮ ಒಂದನೇ ವರ್ಷದ ಕೆಲಸಗಳಲ್ಲಿ ಸದಸ್ಯರ ತರಬೇತಿಯ ದಾಖಲೆ ಮತ್ತು ಹಂಗಾಮಿ ಕೂಲಿಯವರ ಲಿಖಿತ ಷರತ್ತುಗಳು ಇನ್ನೂ ಬಾಕಿ ಇವೆ, ಕೊಯ್ಲು ಶುರುವಾಗುವ ಮೊದಲು ಮುಗಿಸಬೇಕು.